ಜಾಮೀನು ಹಾಕುವವರು ಯಾರು?

ಶ್ರಾವಣದ ಒಂದು ಭಾನುವಾರ. ಬೆಳಿಗ್ಗೆ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ನಾವು ಸಂಘದ ಕಚೇರಿಯಲ್ಲಿ ಕುಳಿತು ಈ ಸಂಚಿಕೆಗೆ ಏನನ್ನು ಬರೆಯುವುದೆಂಬ ಚಿಂತೆಯಲ್ಲಿದ್ದೆವು. ಮೂರು ತಿಂಗಳಿಗೊಮ್ಮೆ ಬರೆಯುವುದೇನು ಮಹಾ ಕಷ್ಟವೆಂದು ವಾಚಕರಿಗೆ ಅನ್ನಿಸುವುದು ಸಹಜ. ಆ ಮೂರು ತಿಂಗಳು ಮೂರು ವಾರದಂತೆ ಓಡಿಹೋಗುತ್ತವೆಂಬುದು ಸಂಪಾದಕರ ಫೋನು ಬಂದ ಮೇಲೆಯೇ ತಿಳಿಯುವುದು. ನಮ್ಮ ಖಜಾಂಚಿಗಳು ಪಕ್ಕದ ಮೇಜಿನಲ್ಲಿ ವರ್ಗಣಿಯ ಪಾವತಿ ಪುಸ್ತಕವನ್ನು ಹರಡಿಕೊಂಡು, ಯಾರು ಕೊಟ್ಟಿಲ್ಲ ಎಂಬ ಪಟ್ಟಿಯನ್ನು ಎಂದಿನ ಉತ್ಸಾಹದಿಂದ ತಯಾರಿಸುತ್ತಿದ್ದರು.

ಅಷ್ಟರಲ್ಲಿ ಕೊಡೆ ಮಡಚುತ್ತ ಒಬ್ಬ ತಾಯಿ ಬಾಗಿಲಲ್ಲಿ ನಿಂತರು. ನಮಗೆ ಗುರುತಿನವರೇ. ವಿಜಾಪುರದ ಕಡೆಯವರು, ಮಾನಪಾಡಾ ರಸ್ತೆಯ ಹಿಂಬದಿಯಲ್ಲಿ ಎರಡು ಕೋಣೆಯ ಮನೆ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇವುಗಳನ್ನು ಮನೆಯಲ್ಲಿಯೇ ಮಾಡಿ ಸ್ಟೇಶನ್ನಿನ ಹತ್ತಿರದ ಎರಡು ಪೋಳಿ-ಭಾಜಿ ಕೇಂದ್ರಗಳಿಗೆ ಕೊಡುತ್ತಾರೆ. ನಮ್ಮ ಸಂಘದ ರಾಜ್ಯೋತ್ಸವದ ಊಟದಲ್ಲಿ ರೊಟ್ಟಿಯ ಬುಟ್ಟಿ ಎರಡನೆಯ ಪಂಕ್ತಿಗೇ ಬರಿದಾದದ್ದು ಹಲವರಿಗೆ ನೆನಪಿರಬಹುದು. ಆ ರೊಟ್ಟಿ ಇವರ ಕೈಯದು.

“ಅಣ್ಣಾರ, ಸಂಘದಾಗ ಸಾಲ ಕೊಡ್ತಾರೇನ್ರಿ?” ಎಂದರು.

ಖಜಾಂಚಿಗಳು ಪಟ್ಟಿಯಿಂದ ತಲೆಯೆತ್ತಿ ನಮ್ಮ ಕಡೆ ನೋಡಿದರು. ಸಂಘದ ಪೆಟ್ಟಿಗೆಯ ಸ್ಥಿತಿ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾವು ಸಂಕೋಚದಿಂದ, “ಇಲ್ಲ ಅಕ್ಕಾರೆ, ಸಂಘ ಸಾಲ ಕೊಡುವ ಹಾಗಿಲ್ಲ” ಎಂದೆವು.

“ಸಾಲ ಬ್ಯಾಡ ಬಿಡ್ರಿ. ಜಾಮೀನರೆ ಯಾರರೆ ಹಾಕ್ತೀರೇನು? ಬ್ಯಾಂಕಿನ್ಯಾಗ ಪಗಾರ ಇದ್ದ ಇಬ್ಬರನ್ನ ಕರ್ಕೊಂಡು ಬಾ ಅಂತಾರ. ನಾ ಯಾರನ್ನ ಕರ್ಕೊಂಡು ಹೋಗ್ಲಿ?”

ವಿಷಯ ಇಷ್ಟು. ಕೈಯಿಂದ ತಟ್ಟಿದರೆ ದಿನಕ್ಕೆ ನೂರೈವತ್ತು ರೊಟ್ಟಿಯ ಮೇಲೆ ಆಗುವುದಿಲ್ಲ, ರಟ್ಟೆ ಬಿದ್ದುಹೋಗುತ್ತದೆ. ರೊಟ್ಟಿ ಒತ್ತುವ ಯಂತ್ರ ಮತ್ತು ಹಿಟ್ಟು ನಾದುವ ಯಂತ್ರ ಸೇರಿ ಎಂಬತ್ತು ಸಾವಿರ ರೂಪಾಯಿ ಬೇಕು. ಗಿರಾಕಿ ಇದ್ದಾರೆ, ಠಾಣೆಯ ಒಂದು ಅಂಗಡಿಯವರು ಮುಂಗಡ ಆರ್ಡರು ಕೊಡಲು ಸಿದ್ಧರಿದ್ದಾರೆ. ಬ್ಯಾಂಕಿನ ಒಂದು ಶಾಖೆಯಲ್ಲಿ ಎರಡು ಸಲ ವಿಚಾರಿಸಿದರು. ಅಲ್ಲಿ ಸಂಬಳದ ಚೀಟಿಯುಳ್ಳ ಇಬ್ಬರು ಜಾಮೀನುದಾರರನ್ನು ಕೇಳಿದರು. ಮೂರನೆಯ ಸಲ ಹೋಗಲು ಮನಸ್ಸಾಗಲಿಲ್ಲ. ಅದೇ ಹೊತ್ತಿಗೆ ಚಾಳಿನವರೊಬ್ಬರು, ಯಾವ ಕಾಗದವನ್ನೂ ಕೇಳದೆ ನಾಳೆಯೇ ಹಣ ಕೊಡುತ್ತೇನೆಂದು ಮುಂದೆ ಬಂದಿದ್ದಾರೆ. ಬಡ್ಡಿ ನೂರಕ್ಕೆ ಹತ್ತು, ತಿಂಗಳಿಗೆ.

ನಾವು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆವು. ಎಂಬತ್ತು ಸಾವಿರಕ್ಕೆ ತಿಂಗಳಿಗೆ ಎಂಟು ಸಾವಿರ ಬರಿಯ ಬಡ್ಡಿ. ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯದು. ಹತ್ತು ತಿಂಗಳಲ್ಲಿ ಯಂತ್ರದ ಬೆಲೆಯಷ್ಟು ಕೊಟ್ಟ ಮೇಲೂ ಯಂತ್ರದ ಸಾಲ ಇದ್ದ ಹಾಗೆಯೇ ಇರುತ್ತದೆ. ಆ ತಾಯಿ ಬಹಳ ಹೊತ್ತು ಆ ಕಾಗದವನ್ನು ನೋಡಿದರು. “ಲೆಕ್ಕ ನನಗೂ ಬರ್ತದ್ರಿ. ಕೊಡಾವ್ರು ಬ್ಯಾರೆ ಯಾರದಾರ ಹೇಳ್ರಿ” ಎಂದರು. ನಮ್ಮಲ್ಲಿ ಆಗ ಉತ್ತರವಿರಲಿಲ್ಲ. ಹದಿನೈದು ದಿನ ತಡೆಯಿರಿ, ವಿಚಾರಿಸಿ ಹೇಳುತ್ತೇವೆ ಎಂದು ಕಳಿಸಿದೆವು. ಆ ಹದಿನೈದು ದಿನಗಳಲ್ಲಿ ನಾವು ವಿಚಾರಿಸಿದ್ದೇ ಈ ಸಲದ ಅಂಕಣ.

ಜಾಮೀನಿನ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ಕೈಯಲ್ಲಿ ಕೆಲಸ ಬಲ್ಲ, ಮೈಯಲ್ಲಿ ಶಕ್ತಿಯುಳ್ಳ, ಆದರೆ ಒತ್ತೆಯಿಡಲು ಆಸ್ತಿಯಿಲ್ಲದ ಮನುಷ್ಯನನ್ನು ನಂಬುವವರು ಯಾರು ಎಂಬ ಪ್ರಶ್ನೆಗೆ ಕನ್ನಡನಾಡಿನಲ್ಲಿ ನೂರಿಪ್ಪತ್ತು ವರ್ಷಗಳಿಂದ ಉತ್ತರ ಹುಡುಕುತ್ತಲೇ ಬಂದಿದ್ದಾರೆ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದೇ 1904ರಲ್ಲಿ. ಅಂದರೆ ಕಾಯಿದೆಯ ಮಸಿ ಆರುವ ಮುನ್ನವೇ ಒಂದು ಹಳ್ಳಿ ಅದನ್ನು ಕೈಗೆತ್ತಿಕೊಂಡಿತು. ಆಗ ಗದಗು ಧಾರವಾಡ ಜಿಲ್ಲೆಗೂ, ಧಾರವಾಡ ಮುಂಬಯಿ ಇಲಾಖೆಗೂ ಸೇರಿದ್ದವೆಂಬುದನ್ನು ಇಲ್ಲಿಯ ವಾಚಕರು ಗಮನಿಸಬೇಕು.

ಮರುವರ್ಷ, 1906ರಲ್ಲಿ, ಮುಂಬಯಿ ನಗರದಲ್ಲಿಯೇ ಇನ್ನೊಂದು ನಡೆಯಿತು. ಕೆನರಾದಿಂದ ನೌಕರಿಗಾಗಿ ಬಂದು ಗಿರಗಾಂವದ ಕಡೆ ಬಾಡಿಗೆಯ ಕೋಣೆಗಳಲ್ಲಿದ್ದ ಸಾರಸ್ವತ ಕುಟುಂಬಗಳಿಗಾಗಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಒಂದು ಪತ್ತಿನ ಸಂಘವನ್ನು ಸ್ಥಾಪಿಸಿ, ಅದಕ್ಕೆ ತಮ್ಮ ಗುರುಗಳಾದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿಟ್ಟರು. ಇಂದು ಊರೂರಿನಲ್ಲಿ ಶಾಖೆಗಳನ್ನುಳ್ಳ ಎಸ್.ವಿ.ಸಿ. ಸಹಕಾರಿ ಬ್ಯಾಂಕು ಅದೇ. ತಲ್ಮಕಿಯವರು ಅಷ್ಟಕ್ಕೆ ನಿಲ್ಲದೆ 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಕಟ್ಟಿದರು. ಪರಸ್ಥಳಕ್ಕೆ ಬಂದ ಗುಮಾಸ್ತನಿಗೆ ಜಾಮೀನು ಹಾಕುವವನು ಅವನ ಹಾಗೆಯೇ ಪರಸ್ಥಳಕ್ಕೆ ಬಂದ ಇನ್ನೊಬ್ಬ ಗುಮಾಸ್ತ. ಇಬ್ಬರಿಗೂ ಪರಸ್ಪರರ ಮನೆತನ ಗೊತ್ತು, ಊರು ಗೊತ್ತು, ಓಡಿಹೋದರೆ ಎಲ್ಲಿ ಹಿಡಿಯಬಹುದೆಂಬುದೂ ಗೊತ್ತು! ಸಹಕಾರದ ತತ್ವವನ್ನು ದೊಡ್ಡ ದೊಡ್ಡ ಮಾತುಗಳಲ್ಲಿ ವಿವರಿಸುವುದುಂಟು. ಅದರ ಬುಡದಲ್ಲಿರುವುದು ಈ ಗುರುತು ಪರಿಚಯವೇ.

ಇನ್ನು 1925ರ ಉಡುಪಿಯ ಕಥೆ. ಕೈಮಗ್ಗದ ನೇಕಾರರ ಕಸಬು ಕುಸಿದು ಅವರು ಕಂಗಾಲಾದ ಹೊತ್ತಿಗೆ ವೈದ್ಯರಾದ ಟಿ.ಎಂ.ಎ. ಪೈಗಳು, ವ್ಯಾಪಾರಿಗಳಾದ ಅವರ ಅಣ್ಣ ಉಪೇಂದ್ರ ಅನಂತ ಪೈಗಳು, ಎಂಜಿನಿಯರರಾದ ವಾಮನ ಕುಡ್ವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ತೆರೆದರು. ಆರಂಭದ ಬಂಡವಾಳ ಎಂಟು ಸಾವಿರ ರೂಪಾಯಿ. (ನಮ್ಮ ರೊಟ್ಟಿಯ ಅಕ್ಕನಿಗೆ ಚಾಳಿನ ಸಾಹುಕಾರರು ಕೇಳಿದ ಒಂದು ತಿಂಗಳ ಬಡ್ಡಿಯೂ ಎಂಟು ಸಾವಿರವೇ. ಆ ಕಾಲದ ರೂಪಾಯಿಯ ತೂಕ ಬೇರೆ, ನಿಜ. ಆದರೂ ಅಂಕಿಯನ್ನು ಕಂಡಾಗ ನಮಗೆ ನಗು ಬಂತು, ಬೇಸರವೂ ಆಯಿತು.) 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಹೊರಡಿಸಿದರು. ಬ್ಯಾಂಕಿನ ಏಜೆಂಟನು ದಿನವೂ ಮನೆಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಹಣವನ್ನೂ ತೆಗೆದುಕೊಂಡು ಹೋಗುವನು. ಇದರಿಂದ ಉಳಿತಾಯವಾಗುವುದು ಒಂದು ಲಾಭ. ಅದು ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಲಾಭ ಬೇಗ ಕಾಣದು: ಒಂದು ವರ್ಷ ದಿನವೂ ತಪ್ಪದೆ ಎರಡಾಣೆ ಕೊಟ್ಟವನ ಹೆಸರಿನ ಮುಂದೆ ಬ್ಯಾಂಕಿನ ಪುಸ್ತಕದಲ್ಲಿ ಒಂದು ಚರಿತ್ರೆ ನಿಲ್ಲುತ್ತಿತ್ತು. ಆಸ್ತಿಯಿಲ್ಲದವನಿಗೆ ಆ ಚರಿತ್ರೆಯೇ ಜಾಮೀನು. ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ, 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಅದಕ್ಕೆ ಒಂದು ವರ್ಷ ಮೊದಲು ಮಂಗಳೂರಿನ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ಸೇರಿತ್ತು. ಮುಂಬಯಿಯಲ್ಲಿ ಹಳೆಯ ತಲೆಮಾರಿನ ಹೋಟೆಲಿನವರು ‘ನಮ್ಮ ಬ್ಯಾಂಕು’ ಎನ್ನುತ್ತಿದ್ದ ಮೂರು ಹಲಗೆಗಳು ಹೀಗೆ ಹದಿಮೂರು ತಿಂಗಳೊಳಗೆ ಇಳಿದವು. ವಿಲೀನದಿಂದ ದೇಶಕ್ಕೆ ಒಳ್ಳೆಯದೋ ಕೆಟ್ಟದ್ದೋ ನಾವು ಹೇಳಲಾರೆವು. ಕೌಂಟರಿನ ಆಚೆ ಕುಳಿತವರು ಕನ್ನಡದಲ್ಲೋ ತುಳುವಿನಲ್ಲೋ “ಊರಿನಲ್ಲಿ ಮಳೆ ಹೇಗೆ?” ಎಂದು ಕೇಳುತ್ತಿದ್ದ ಕಾಲವಂತೂ ಕಡಿಮೆಯಾಯಿತು.

ಹೋಟೆಲಿನ ಮಾತು ಬಂದಿತಷ್ಟೆ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ಸ್ಟೇಶನ್ನಿನ ಹತ್ತಿರ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ ಉಂಡವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಅಂಥ ಹೋಟೆಲುಗಳಲ್ಲಿ ತಟ್ಟೆ ತೊಳೆದ ಹುಡುಗ ಮುಂದೆ ತಾನೇ ಹೋಟೆಲು ಇಟ್ಟದ್ದು ಹೇಗೆ ಎಂಬುದನ್ನು ಕೇಳಿದವರು ಕಡಿಮೆ. ಹಗಲೆಲ್ಲ ದುಡಿದು ಕನ್ನಡದ ರಾತ್ರಿಶಾಲೆಯಲ್ಲಿ ಓದಿದ ಹುಡುಗನನ್ನು ಯಜಮಾನರು ಗಲ್ಲೆಗೆ ಕೂಡಿಸುವರು. ನಾಲ್ಕು ವರ್ಷ ನೋಡಿ, ಒಂದು ಸಣ್ಣ ಜಾಗವನ್ನು ‘ಕಂಡಕ್ಟಿಂಗ್’ ಮೇಲೆ ನಡೆಸಲು ಕೊಡುವರು. ಹಾಲಿನವನೂ ಕಿರಾಣಿಯವನೂ ಆ ಯಜಮಾನರ ಮುಖ ನೋಡಿ ತಿಂಗಳ ಉದ್ರಿ ಕೊಡುವರು. ಇಲ್ಲಿಯೂ ಜಾಮೀನು ಬಾಯಿಮಾತಿನದು. ಈ ಗುರುತಿನ ಜಾಮೀನನ್ನು ಸಮುದಾಯವೊಂದು ಸಂಸ್ಥೆಯಾಗಿ ಕಟ್ಟಿದ ಉದಾಹರಣೆಯೂ ಇದೆ: ಮುಂಬಯಿಯ ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಹುಟ್ಟುಹಾಕಿದ ಭಾರತ್ ಸಹಕಾರಿ ಬ್ಯಾಂಕು.

ಇದೆಲ್ಲ ಕೇಳಲು ಚೆನ್ನ. ಆದರೆ ಇದರಲ್ಲಿ ಒಂದು ಕೊರತೆಯುಂಟು, ಅದನ್ನು ಮುಚ್ಚಿಡಬಾರದು. ಗುರುತಿನ ಜಾಮೀನು ಗುರುತಿದ್ದವನಿಗೆ ಮಾತ್ರ. ನಮ್ಮ ವಿಜಾಪುರದ ಅಕ್ಕನಿಗೆ ಮುಂಬಯಿಯಲ್ಲಿ ಹೋಟೆಲಿನ ಯಜಮಾನರಾದ ಮಾವನಿಲ್ಲ, ಜಾತಿಯ ಬ್ಯಾಂಕಿಲ್ಲ, ಸಂಬಳದ ಚೀಟಿಯುಳ್ಳ ಭಾವನಿಲ್ಲ. ಅವರ ಗುರುತೆಂದರೆ ನಾವು, ಅವರ ರೊಟ್ಟಿ ತಿಂದವರು. ನಾವೋ, ಪಟ್ಟಿ ನೋಡುತ್ತ ಕುಳಿತಿದ್ದೆವು.

ಅಂದು ಅವರು ಹೋದ ಮೇಲೆ ಖಜಾಂಚಿಗಳು ಒಂದು ಮಾತು ಕೇಳಿದರು: “ಅಲ್ಪಸಂಖ್ಯಾತರಿಗೆ ಸರಕಾರ ಸಾಲ ಕೊಡುತ್ತದಂತಲ್ಲ? ಮಹಾರಾಷ್ಟ್ರದಲ್ಲಿ ನಾವೂ ಅಲ್ಪಸಂಖ್ಯಾತರೇ ಅಲ್ಲವೆ?” ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಕೆಲವರು ಇದನ್ನು ನಂಬಿ ತಪ್ಪು ಕಿಟಕಿಯ ಮುಂದೆ ದಿನಗಟ್ಟಲೆ ನಿಂತದ್ದೂ ಉಂಟು. ಆದುದರಿಂದ ಬಿಡಿಸಿ ಹೇಳುವುದು ಒಳ್ಳೆಯದು.

ಭಾಷೆಯಿಂದ ನಾವು ಇಲ್ಲಿ ಅಲ್ಪಸಂಖ್ಯಾತರು, ಸಂದೇಹವಿಲ್ಲ. ಯಾರು ಅಲ್ಪಸಂಖ್ಯಾತರೆಂಬುದನ್ನು ಆಯಾ ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಣಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿತು. ಆ ಮೊಕದ್ದಮೆಯ ಹೆಸರೂ ಟಿ.ಎಂ.ಎ. ಪೈ ಪ್ರತಿಷ್ಠಾನದ್ದೇ! ಎರಡಾಣೆಯ ಪಿಗ್ಮಿಯಲ್ಲಿ ಕಂಡ ಹೆಸರು ಇಲ್ಲಿಯೂ ಎದುರಾಗುತ್ತದೆ. ಸಂವಿಧಾನದ 30ನೆಯ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಪರರಾಜ್ಯದಲ್ಲಿ ಇದ್ದುಕೊಂಡೇ ಕನ್ನಡಿಗರು ಶಾಲೆ ನಡೆಸಬಲ್ಲರೆಂಬುದಕ್ಕೆ ನಮ್ಮ ಡೊಂಬಿವಲಿಯ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಕಣ್ಣೆದುರಿಗೇ ಇದೆ. ಆದರೆ ಆ ಹಕ್ಕು ಶಾಲೆಗೆ, ಅಂಗಡಿಗಲ್ಲ. ವ್ಯಾಪಾರಕ್ಕೆ ಸಾಲ ಕೊಡುವ ಅಲ್ಪಸಂಖ್ಯಾತರ ನಿಗಮಗಳು ನೋಡುವುದು ಮತವನ್ನು. 1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಕಾಯಿದೆಯ ಮೇರೆಗೆ ಮುಸಲ್ಮಾನರು, ಕ್ರೈಸ್ತರು, ಸಿಖ್ಖರು, ಬೌದ್ಧರು, ಪಾರಸಿಗಳು, ಹಾಗೂ 2014ರಿಂದ ಜೈನರು, ಈ ಆರು ಸಮುದಾಯಗಳು ಗೊತ್ತಾಗಿವೆ. ಇವರಲ್ಲಿ ಕಡಿಮೆ ವರಮಾನದವರಿಗಾಗಿ ಕೇಂದ್ರದಲ್ಲಿ 1994ರಿಂದ ಒಂದು ಹಣಕಾಸು ನಿಗಮವಿದೆ. ಮಹಾರಾಷ್ಟ್ರದಲ್ಲಿ ಮೌಲಾನಾ ಆಜಾದ್ ಅಲ್ಪಸಂಖ್ಯಾಕ ಆರ್ಥಿಕ ವಿಕಾಸ ಮಹಾಮಂಡಳವಿದೆ. ಆದುದರಿಂದ ನಮ್ಮ ಮಂಗಳೂರಿನ ಕ್ರೈಸ್ತ ಬಂಧುಗಳು, ಕಾರ್ಕಳ ಮೂಡಬಿದಿರೆಯ ಮತ್ತು ಬೆಳಗಾವಿ ಕಡೆಯ ಜೈನರು, ಕಲಬುರ್ಗಿ ವಿಜಾಪುರಗಳ ಮುಸಲ್ಮಾನ ಸೋದರರು ಅಲ್ಲಿ ಅವಶ್ಯವಾಗಿ ವಿಚಾರಿಸಬೇಕು. ಕನ್ನಡಿಗನೆಂಬ ಒಂದೇ ಕಾರಣಕ್ಕೆ ಅಲ್ಲಿ ಬಾಗಿಲು ತೆರೆಯದು. ಇದೇ ಜಾತಿಗೆ ಸೇರಿದ ಇನ್ನೊಂದು ಮಾತು: ಊರಿನ ತಹಶೀಲ್ದಾರರು ಕೊಟ್ಟ ಪರಿಶಿಷ್ಟ ಜಾತಿಯ ಪ್ರಮಾಣಪತ್ರವನ್ನು ಹಿಡಿದು ಇಲ್ಲಿಯ ಸರಕಾರದ ಸವಲತ್ತು ಕೇಳಿ ನಿರಾಶರಾದವರಿದ್ದಾರೆ. ವಲಸೆ ಹೋದವನ ಜೊತೆಗೆ ಆ ಸವಲತ್ತು ರಾಜ್ಯ ದಾಟುವುದಿಲ್ಲವೆಂದು 1990ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ತೀರ್ಪಾಗಿದೆ.

ಹಾಗಾದರೆ ಉಳಿದವರಿಗೆ ಏನೂ ಇಲ್ಲವೆ? ಇದೆ, ನಮ್ಮ ತಾಯಿಗೆ ಬೇಕಾದದ್ದೇ ಇದೆ. ಅದನ್ನು ತಿಳಿಯಲು ಹದಿನೈದು ದಿನ ಬೇಕಾದದ್ದು ನಮ್ಮ ನಾಚಿಕೆ.

2015ರ ಏಪ್ರಿಲಿನಲ್ಲಿ ಆರಂಭವಾದ ಮುದ್ರಾ ಯೋಜನೆಯ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅದರಲ್ಲಿ 50,000 ರೂಪಾಯಿಯವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂದು ಮೂರು ಹಂತಗಳು. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೆ ಇನ್ನೊಂದು. ಸಾಲ ಕೊಡುವುದು ಬ್ಯಾಂಕೇ, ಸರಕಾರವಲ್ಲ, ಬಡ್ಡಿಯೂ ಬ್ಯಾಂಕಿನದೇ, ಪೂರಾ ಹಿಂದಿರುಗಿಸಬೇಕಾದ ಹಣವೇ. ಸರಕಾರ ಮಾಡಿದ್ದು ಒಂದೇ ಕೆಲಸ, ಆದರೆ ಮುಖ್ಯವಾದದ್ದು: ಸಾಲ ಮುಳುಗಿದರೆ ಬ್ಯಾಂಕಿನ ನಷ್ಟದಲ್ಲಿ ಪಾಲು ಹೊರಲು ಒಂದು ಖಾತರಿ ನಿಧಿಯನ್ನು ಇಟ್ಟಿದೆ. ಆದಕಾರಣ ಇಲ್ಲಿ ಆಸ್ತಿಯ ಅಡವೂ ಬೇಡ, ಮೂರನೆಯವರ ಜಾಮೀನೂ ಬೇಡ. ಅಷ್ಟೇ ಅಲ್ಲ, ಸಣ್ಣ ಉದ್ದಿಮೆಗಳಿಗೆ ಕೊಡುವ 10 ಲಕ್ಷದೊಳಗಿನ ಸಾಲಕ್ಕೆ ಬ್ಯಾಂಕುಗಳು ಅಡವು ಕೇಳಕೂಡದೆಂದು ರಿಸರ್ವ್ ಬ್ಯಾಂಕು ಬಹು ವರ್ಷಗಳ ಹಿಂದೆಯೇ ವಿಧಿಸಿದೆ. “ಪಗಾರ ಇದ್ದ ಇಬ್ಬರನ್ನ ಕರ್ಕೊಂಡು ಬಾ” ಎಂದ ಆ ಗುಮಾಸ್ತರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಸತ್ತು ಹೇಳಿದರೋ ತಿಳಿಯದು. ಆ ತಾಯಿಗಂತೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಬಾಯಿಮಾತಿನಲ್ಲಿ ಕೇಳಿ ಬಾಯಿಮಾತಿನಲ್ಲಿಯೇ ‘ಇಲ್ಲ’ ಎನ್ನಿಸಿಕೊಂಡು ಬರುವುದು ನಮ್ಮವರ ಮೊದಲ ತಪ್ಪು. ಅರ್ಜಿಯನ್ನು ಕಾಗದದ ಮೇಲೆ ಕೊಟ್ಟು ಸ್ವೀಕೃತಿಯನ್ನು ಬರೆಯಿಸಿಕೊಳ್ಳಬೇಕು. ಸಣ್ಣ ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಬ್ಯಾಂಕು ಕಾರಣವನ್ನು ಬರೆದುಕೊಡಬೇಕೆಂಬ ನಿಯಮವಿದೆ. ಬರೆದುಕೊಡಬೇಕಾಗುತ್ತದೆ ಎಂದಾಗ ಕಾರಣಗಳು ಎಷ್ಟೋ ಸಲ ತಾವಾಗಿಯೇ ಕಡಿಮೆಯಾಗುತ್ತವೆಂದು ನಿವೃತ್ತ ಬ್ಯಾಂಕು ಅಧಿಕಾರಿಗಳಾದ ನಮ್ಮ ಸದಸ್ಯರೊಬ್ಬರು ಕಣ್ಣು ಮಿಟುಕಿಸಿ ಹೇಳಿದರು. ಅವರು ಹೇಳಿದ ಇನ್ನೊಂದು ಮಾತು: ಅರ್ಜಿ ಕೊಡುವ ಮುಂಚೆ ತಮ್ಮ ಸಾಲಚರಿತ್ರೆಯ ವರದಿಯನ್ನು, ಜನ ‘ಸಿಬಿಲ್’ ಎನ್ನುವುದನ್ನು, ತಾವೇ ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಅದು ಉಚಿತ. ಎಂದೋ ಕಂತಿನ ಮೇಲೆ ತೆಗೆದ ಮೊಬೈಲಿನ ಕೊನೆಯ ಮುನ್ನೂರು ರೂಪಾಯಿ ಬಾಕಿ ಉಳಿದದ್ದಕ್ಕೆ ಒಬ್ಬ ಯುವಕನ ಅಂಗಡಿಯ ಸಾಲ ನಿಂತದ್ದನ್ನು ಅವರು ಸ್ವತಃ ಕಂಡಿದ್ದಾರೆ. ಹಿಂದೆ ಪಿಗ್ಮಿಯ ಪುಸ್ತಕ ಮಾಡುತ್ತಿದ್ದ ಕೆಲಸವನ್ನು ಈಗ ಇದು ಮಾಡುತ್ತದೆ. ಏಜೆಂಟನ ಮುಖ ಮಾತ್ರ ಕಾಣುವುದಿಲ್ಲ.

ಎರಡನೆಯ ಕಾಗದ ‘ಉದ್ಯಮ್’ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಇದಕ್ಕೆ ಆಧಾರ್ ಮತ್ತು ಪ್ಯಾನ್ ಸಾಕು, ಶುಲ್ಕ ಒಂದು ಪೈಸೆಯೂ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣವುಂಟು: ಸರಕಾರದ್ದೆಂಬಂತೆಯೇ ಕಾಣುವ ಖಾಸಗಿ ತಾಣಗಳು ಸಾವಿರ ಎರಡು ಸಾವಿರ ವಸೂಲು ಮಾಡುತ್ತಿವೆ. 2021ರಿಂದ ಕಿರುಕುಳ ವ್ಯಾಪಾರಿಗಳೂ, ಅಂದರೆ ಬರಿಯ ಮಾರಾಟದ ಅಂಗಡಿಯವರೂ, ಬ್ಯಾಂಕು ಸಾಲದ ಮಟ್ಟಿಗೆ ಇದರಲ್ಲಿ ಸೇರಬಹುದು.

ಈ ನೋಂದಣಿಯ ಬೆಲೆ ಏನೆಂಬುದನ್ನು ನಮ್ಮ ಎಂ.ಐ.ಡಿ.ಸಿ.ಯ ಸಣ್ಣ ಕಾರ್ಖಾನೆಗಳ ಕನ್ನಡಿಗರು ವಿಶೇಷವಾಗಿ ತಿಳಿಯಬೇಕು. ಕುಂದಾಪುರದ ಕಡೆಯ ಒಬ್ಬ ಗೆಳೆಯರು ಎರಡು ಲೇಥುಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಾರೆ. ಕೆಲಸಕ್ಕೆ ಕೊರತೆಯಿಲ್ಲ, ಹಣ ಮಾತ್ರ ಆರು ತಿಂಗಳಿಗೂ ಬರುವುದಿಲ್ಲ. ಕೇಳಿದರೆ ಮುಂದಿನ ಆರ್ಡರು ಹೋದೀತೆಂಬ ಭಯ. ಕೆಲಸಗಾರರಿಗೆ ಸಂಬಳ ಕೊಡಲು ಹೆಂಡತಿಯ ಬಳೆ ಅಡವಿಟ್ಟವರು ಅವರು. 2006ರ ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳ ಕಾಯಿದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು, ಕರಾರಿನಲ್ಲಿ ಏನೇ ಬರೆದಿರಲಿ, 45 ದಿನಗಳೊಳಗೆ ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೊಡದವರ ಮೇಲೆ ದೂರು ಕೇಳಲು ಪ್ರತ್ಯೇಕ ಮಂಡಳಿಯುಂಟು. ಸರಕಾರದ ತಾಣದಲ್ಲಿ ಮನೆಯಿಂದಲೇ ದೂರು ಕೊಡಬಹುದು. ಆದರೆ ನೋಂದಣಿ ಮಾಲು ಕೊಡುವುದಕ್ಕಿಂತ ಮೊದಲೇ ಆಗಿದ್ದರೆ ಮಾತ್ರ ವಾದಕ್ಕೆ ಬಲ. ನಮ್ಮ ಗೆಳೆಯರ ನೋಂದಣಿ ಆಗಿರಲೇ ಇಲ್ಲ. ಈಗ ಮಾಡಿಸಿದ್ದಾರೆ, ಹಳೆಯ ಬಾಕಿಗೆ ಇನ್ನೂ ಅವರಿವರ ಮುಖ ನೋಡುತ್ತಿದ್ದಾರೆ.

ಬೀದಿಯ ಬದಿಯ ವ್ಯಾಪಾರಿಗಳಿಗೆ 2020ರ ಜೂನಿನಲ್ಲಿ ಬಂದ ಸ್ವನಿಧಿ ಯೋಜನೆಯಿದೆ. ಮೊದಲು 10,000 ಇದ್ದ ಮೊದಲ ಸಾಲ 2025ರಲ್ಲಿ 15,000 ಆಯಿತು; ತೀರಿಸಿದರೆ 25,000, ಆಮೇಲೆ 50,000. ಇದು ನಗರಪಾಲಿಕೆಯ ಮೂಲಕ ನಡೆಯುವಂಥದು. ಸ್ಟೇಶನ್ನಿನಿಂದ 150 ಮೀಟರಿನೊಳಗೆ ಫೇರಿವಾಲರು ಕೂಡಬಾರದೆಂದು 2017ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಹೇಳಿದ ಮೇಲೆ ಡೊಂಬಿವಲಿಯಲ್ಲಿ ಹೂ, ಇಡ್ಲಿ ಮಾರುವ ನಮ್ಮವರ ಪಾಡು ಏನಾಯಿತೆಂಬುದನ್ನು ಇನ್ನೊಮ್ಮೆ ಬರೆಯಬೇಕು, ಇಲ್ಲಿ ಸ್ಥಳವಿಲ್ಲ. ಮನೆಯಲ್ಲಿ ತಿನಿಸು ಮಾಡುವವರಿಗೆಂದು 2020ರಲ್ಲಿ ಒಂದು ಯೋಜನೆ ಬಂದು, ಯಂತ್ರದ ವೆಚ್ಚದಲ್ಲಿ ನೂರಕ್ಕೆ 35ರಷ್ಟು ಸಹಾಯಧನವನ್ನು ಗೊತ್ತುಮಾಡಿತು. ಇಂಥವುಗಳಿಗೆ ಅವಧಿಯಿರುತ್ತದೆ, ಅರ್ಜಿಯ ಮುನ್ನ ಜಿಲ್ಲಾ ಕೃಷಿ ಕಚೇರಿಯಲ್ಲಿ ಕೇಳಿ ಮುಂದುವರಿಯುವುದು ಜಾಣತನ. ಅಂಗಡಿಯ ಹಲಗೆಯ ಮೇಲೆ ಮರಾಠಿ ದೇವನಾಗರಿಯಲ್ಲಿ ಎದ್ದು ಕಾಣುವಂತಿರಬೇಕೆಂಬ 2022ರ ಕಾನೂನನ್ನೂ ಮರೆಯಬಾರದು. ಉಣ್ಣುವ ಅನ್ನದ ಊರಿನ ಭಾಷೆ ಹಲಗೆಯ ಮೇಲಿರುವುದರಲ್ಲಿ ನಮಗೇನೂ ಕುಂದಿಲ್ಲ. ಅದರ ಕೆಳಗೆ ಕನ್ನಡ ಬರೆಯಲು ಯಾರ ಅಡ್ಡಿಯೂ ಇಲ್ಲ.

ಉಳಿತಾಯದ ವಿಷಯದಲ್ಲಿ ಒಂದು ಎಚ್ಚರಿಕೆ. ಬ್ಯಾಂಕಿಗೂ ಪತಸಂಸ್ಥೆಗೂ ಇರುವ ವ್ಯತ್ಯಾಸ ನಮ್ಮ ಅನೇಕರಿಗೆ ತಿಳಿಯದು. ಎರಡರಲ್ಲಿಯೂ ಕಿಟಕಿ, ಪುಸ್ತಕ, ನಗುಮುಖದ ಮ್ಯಾನೇಜರು ಇರುತ್ತಾರೆ. ಸಹಕಾರಿ ಬ್ಯಾಂಕು ಸೇರಿ ಬ್ಯಾಂಕುಗಳಲ್ಲಿಟ್ಟ ಹಣಕ್ಕೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ಠೇವಣಿ ವಿಮೆಯ ರಕ್ಷೆಯಿದೆ. 2020ರ ಫೆಬ್ರುವರಿಗೆ ಮೊದಲು ಅದು ಬರಿಯ 1 ಲಕ್ಷವಿತ್ತು. ಪತಸಂಸ್ಥೆಯ ಠೇವಣಿಗೆ ಈ ರಕ್ಷೆಯಿಲ್ಲ. 2019ರ ಸಪ್ಟಂಬರದಲ್ಲಿ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಮೊದಲು ಸಾವಿರ ರೂಪಾಯಿಯ ಮೇಲೆ ತೆಗೆಯುವ ಹಾಗಿರಲಿಲ್ಲ. ನಾಳೆಯ ತರಕಾರಿಗೆ ಬೇಕಾದ ಹಣವನ್ನು ಚಾಲ್ತಿ ಖಾತೆಯಲ್ಲಿಟ್ಟ ಸಣ್ಣ ವ್ಯಾಪಾರಿಗೆ ಸಾವಿರ ರೂಪಾಯಿ ಯಾವ ಮೂಲೆಗೆ? ತಲ್ಮಕಿಯವರ ಹಾದಿಯನ್ನು ಮೇಲೆ ಹೊಗಳಿದ ನಾವು ಇದನ್ನು ಹೇಳದಿದ್ದರೆ ಅರ್ಧ ಹೇಳಿದಂತಾದೀತು. ವ್ಯಾಪಾರದ ಹಣ ಎಲ್ಲವೂ ಒಂದೇ ಗಡಿಗೆಯಲ್ಲಿ ಬೇಡ.

ಇಷ್ಟು ವಿಚಾರಿಸಿದ ಮೇಲೆ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾವು ಒಂದು ಸೂಚನೆ ಮಾಡಿದೆವು. ಸಂಘ ಸಾಲ ಕೊಡಲಾರದು, ಒಪ್ಪಿದೆವು. ಜಾಮೀನೂ ಹಾಕಲಾರದು. ಆದರೆ ನಮ್ಮಲ್ಲಿ ನಿವೃತ್ತ ಬ್ಯಾಂಕು ಅಧಿಕಾರಿಗಳು ಐದಾರು ಮಂದಿಯಿದ್ದಾರೆ, ಲೆಕ್ಕಪರಿಶೋಧಕರು ಇಬ್ಬರಿದ್ದಾರೆ, ಕಂಪ್ಯೂಟರಿನ ಮುಂದೆ ಹುಟ್ಟಿದಂತಿರುವ ಹುಡುಗರಂತೂ ಮನೆಮನೆಯಲ್ಲಿದ್ದಾರೆ. ತಿಂಗಳಿಗೊಂದು ಭಾನುವಾರ ಎರಡು ತಾಸು ಇವರು ಒಂದು ಮೇಜಿನ ಹಿಂದೆ ಕುಳಿತು ನಮ್ಮವರ ಅರ್ಜಿ ತುಂಬಿಸಿಕೊಡಲಿ, ಬೇಕಾದರೆ ಒಬ್ಬರು ಬ್ಯಾಂಕಿಗೆ ಜೊತೆಯಲ್ಲಿ ಹೋಗಲಿ. ಒಬ್ಬ ಸದಸ್ಯರು, “ಸಂಘ ಇರುವುದು ಸಾಹಿತ್ಯ ಸಂಸ್ಕೃತಿಗೆ, ಸಾಲದ ಅರ್ಜಿಗಲ್ಲ” ಎಂದು ಆಕ್ಷೇಪಿಸಿದರು. ಕಳೆದ ವರ್ಷದ ನಾಟಕಕ್ಕೆ ಜಾಹೀರಾತು ಕೊಟ್ಟವರ ಪಟ್ಟಿಯನ್ನು ಖಜಾಂಚಿಗಳು ಗಟ್ಟಿಯಾಗಿ ಓದಿದರು: ಹೋಟೆಲುಗಳು, ಒಂದು ಮುದ್ರಣಾಲಯ, ಬಟ್ಟೆಯಂಗಡಿ, ಲೇಥಿನ ವರ್ಕ್‌ಶಾಪು, ಹಪ್ಪಳ ಉಪ್ಪಿನಕಾಯಿಯವರು. ಸೂಚನೆ ಬಹುಮತದಿಂದ ಪಾಸಾಯಿತು. ಆಕ್ಷೇಪಿಸಿದ ಸದಸ್ಯರೇ ಮೊದಲ ಭಾನುವಾರಕ್ಕೆ ತಮ್ಮ ಲ್ಯಾಪ್‌ಟಾಪು ತರುವೆನೆಂದರು.

ಮೇಜಿಗೆ ಮೊದಲು ಬಂದವರು ನಮ್ಮ ವಿಜಾಪುರದ ಅಕ್ಕನೇ. ಉದ್ಯಮ್ ನೋಂದಣಿ ಇಪ್ಪತ್ತು ನಿಮಿಷದಲ್ಲಿ ಆಯಿತು. ಆಹಾರ ಸುರಕ್ಷೆಯ ನೋಂದಣಿಗೆ ಅಡಿಗೆಮನೆಯ ಫೋಟೋ ಬೇಕೆಂದಾಗ ಅವರು, “ಒಲಿ ಮುಂದ ನಾ ಕುಂತದ್ದ ಬರಬೇಕೋ, ಬರೇ ಒಲಿ ಸಾಕೋ?” ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಪೋಳಿ-ಭಾಜಿ ಕೇಂದ್ರದವರು ಎರಡು ವರ್ಷದಿಂದ ಫೋನಿನ ಮೂಲಕ ಕೊಟ್ಟ ಹಣವೆಲ್ಲ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಸಾಲುಸಾಲಾಗಿ ನಿಂತಿತ್ತು. ನಿವೃತ್ತ ಅಧಿಕಾರಿಗಳು ಅದನ್ನು ಕಂಡು ಕನ್ನಡಕ ಏರಿಸಿ, “ಇದಕ್ಕಿಂತ ಒಳ್ಳೆಯ ಲೆಕ್ಕವನ್ನು ನಾನು ಸರ್ವೀಸಿನಲ್ಲಿ ಕಂಡದ್ದು ಕಡಿಮೆ” ಎಂದರು. ಕಿಶೋರ ಸಾಲದ ಅರ್ಜಿಯಲ್ಲಿ ಯಂತ್ರದ ದರಪತ್ರವೊಂದು ಕಡಿಮೆ ಬಿತ್ತು. ಅದನ್ನು ತರಿಸಿ ಕಳೆದ ಸೋಮವಾರ ಅರ್ಜಿ ಸಲ್ಲಿಸಿದ್ದಾಗಿದೆ, ಸ್ವೀಕೃತಿಯೂ ಕೈಗೆ ಬಂದಿದೆ. ಜೊತೆಗೆ ಹೋದವರು ಖಜಾಂಚಿಗಳು. ಬ್ಯಾಂಕಿನ ಉತ್ತರ ಇದನ್ನು ಬರೆಯುವ ತನಕ ಬಂದಿಲ್ಲ. ಚಾಳಿನ ಸಾಹುಕಾರರಿಗೆ, ಇನ್ನೂ ಹದಿನೈದು ದಿನ ನೋಡಿ ಹೇಳುತ್ತೇನೆಂದು ಅಕ್ಕ ತಿಳಿಸಿದ್ದಾರಂತೆ.